ನ್ಯಾಸ: ಹಳೆಯ ಟ್ಯಾಬ್ಲೆಟ್ ಒಂದರ ನಿಮಿತ್ತದಿಂದ



ಈ ಪುಟಗಳಲ್ಲಿ ವ್ರತ, ದಾನ, ವ್ಯಾಪಾರ, ನ್ಯಾಯದ ಸಂಪಾದನೆ ಇತ್ಯಾದಿ ವಿಷಯಗಳನ್ನು ಕುರಿತು ಆಗಾಗ ಬರೆಯುತ್ತ ಬಂದಿರುವ ನಾನು, ಈ ಬಾರಿ ಒಂದು ಹಳೆಯ ಟ್ಯಾಬ್ಲೆಟ್ಟಿನ ಕಾರ್ಯನಿರ್ವಹಣಾ ತಂತ್ರಾಂಶವನ್ನು ಬದಲಿಸಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡಿರುವುದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ನಾನು ವಾಣಿಜ್ಯ ಪದವೀಧರ. ಹಾಸನದಲ್ಲಿ ನಾಲ್ಕು ದಶಕಗಳಿಂದ ಸಗಟು ದಿನಸಿ ವ್ಯಾಪಾರ ಮಾಡಿಕೊಂಡಿರುವವನು. ಯಂತ್ರವಿದ್ಯೆ ನನ್ನ ಕ್ಷೇತ್ರವಲ್ಲ. ಆದರೂ ಕಳೆದ ವರ್ಷ, ಎಂದರೆ 2025ರಲ್ಲಿ, ಈ ಸಣ್ಣ ಪ್ರಶ್ನೆಯೇ ನನ್ನನ್ನು ನಾಲ್ಕು ತಿಂಗಳ ಕಾಲ ಕಾಡಿತು. ಕೊನೆಗೆ ಅದು ಯಂತ್ರದ ಪ್ರಶ್ನೆಯಾಗಿ ಉಳಿಯದೆ ನನ್ನ ಪ್ರಾಮಾಣಿಕತೆಯ ಪ್ರಶ್ನೆಯಾಗಿ ಪರಿಣಮಿಸಿತು. ಆದುದರಿಂದ ನಡೆದುದನ್ನು ನಡೆದಂತೆ ನಿವೇದಿಸಿಕೊಳ್ಳುತ್ತಿದ್ದೇನೆ.

ಮೊದಲು ವಸ್ತುವಿನ ಪರಿಚಯ. 2014ರಲ್ಲಿ ನನ್ನ ಮಗ ನಮ್ಮ ಮನೆಗೆ ಒಂದು ಐಪ್ಯಾಡ್ ಏರ್ ತಂದುಕೊಟ್ಟನು. ಆಗ ಅದರ ಬೆಲೆ ಸುಮಾರು 36 ಸಾವಿರ ರೂಪಾಯಿ. ಅಂಗಡಿಯ ಯಂತ್ರಗಳಿಗೆ ಹಾಕುವಂತೆ ವರ್ಷಕ್ಕೆ ಶೇಕಡಾ 40ರ ದರದಲ್ಲಿ ಇಳಿಕೆಯ ಕ್ರಮದಿಂದ ಸವಕಳಿ ಕಳೆಯುತ್ತ ಬಂದರೆ, 11 ವರ್ಷಗಳ ಕೊನೆಗೆ ಅದರ ಪುಸ್ತಕದ ಮೌಲ್ಯ ಸುಮಾರು 130 ರೂಪಾಯಿ. ಲೆಕ್ಕದ ಪುಸ್ತಕ ಹಾಗೆ ಹೇಳುತ್ತದೆ. ಆದರೆ ಮನೆಯಲ್ಲಿ ಅದರ ಮೌಲ್ಯ ಏರುತ್ತಲೇ ಹೋಗಿತ್ತು. ನನ್ನ ಧರ್ಮಪತ್ನಿ ಅದರಲ್ಲಿ ಶಾಸ್ತ್ರಗ್ರಂಥಗಳ ಪುಟಚಿತ್ರಗಳನ್ನು ಅಕ್ಷರ ಹಿಗ್ಗಿಸಿಕೊಂಡು ಓದುತ್ತಿದ್ದಳು. ಬೆಂಗಳೂರಿನ ವಿದ್ಯಾರ್ಥಿನಿಲಯಕ್ಕೆ ಮೊಮ್ಮಗಳು ಹೊರಟುಹೋದ ಮೇಲೆ, 2019ರಿಂದ, ಭಕ್ತಾಮರ ಸ್ತೋತ್ರದ ಒಂದೊಂದೇ ಶ್ಲೋಕವನ್ನು ಹೇಳಿ ತನಗೆ ತಿಳಿದಂತೆ ಕನ್ನಡದಲ್ಲಿ ಅರ್ಥವನ್ನು ವಿವರಿಸಿ ಅದರಲ್ಲಿ ಧ್ವನಿಮುದ್ರಿಸಿಡುತ್ತಿದ್ದಳು. 48 ಶ್ಲೋಕಗಳಲ್ಲಿ 39 ಮುಗಿದಿದ್ದವು. 2021ರ ಮೇ ತಿಂಗಳಿನಲ್ಲಿ ಆಕೆ ನಮ್ಮನ್ನು ಅಗಲಿದಳು.

ಅದೇ ಟ್ಯಾಬ್ಲೆಟ್ಟನ್ನು ಆಮೇಲೆ ನಾನು ಬಸದಿಯ ಟ್ರಸ್ಟಿನ ಕೋಶಾಧ್ಯಕ್ಷನ ಕೆಲಸಕ್ಕೂ ಬಳಸತೊಡಗಿದೆ. ರಸೀದಿಗಳ ಛಾಯಾಚಿತ್ರ, ಬ್ಯಾಂಕಿನ ವಿವರಪಟ್ಟಿ, ಪತ್ರವ್ಯವಹಾರ ಎಲ್ಲವೂ ಅದರೊಳಗೆ ಸೇರಿದವು. 2021-22ನೆಯ ಆರ್ಥಿಕ ವರ್ಷದಿಂದ, ತೆರಿಗೆ ರಿಯಾಯಿತಿಗೆ ಅರ್ಹವಾದ ದಾನಗಳ ವಿಷಯದಲ್ಲಿ ದಾನಿಗಳ ಗುರುತಿನ ಸಂಖ್ಯೆಯ ಸಹಿತ ಪಟ್ಟಿಯನ್ನು ಇಲಾಖೆಗೆ ಸಲ್ಲಿಸುವ ನಿಯಮ ಜಾರಿಗೆ ಬಂದಾಗ, ನೂರಾರು ಕುಟುಂಬಗಳ ಪ್ಯಾನ್ ಸಂಖ್ಯೆಗಳೂ ವಿಳಾಸಗಳೂ ಅದರಲ್ಲಿ ಶೇಖರವಾದವು. ಹೀಗೆ ಒಂದೇ ಗಾಜಿನ ಹಲಗೆಯ ಹಿಂದೆ ನನ್ನ ಸಂಸಾರದ ಸ್ಮರಣೆಯೂ ಸಮಾಜದ ಗುಟ್ಟೂ ಒಟ್ಟಿಗೆ ಕುಳಿತಿದ್ದವು. ಒಂದೇ ತಿಜೋರಿಯಲ್ಲಿ ಮನೆಯ ಒಡವೆಯನ್ನೂ ಬಸದಿಯ ಭಂಡಾರವನ್ನೂ ಇಡಬಾರದೆಂಬುದು ವ್ಯಾಪಾರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಆದರೂ ಯಂತ್ರದ ವಿಷಯದಲ್ಲಿ ನನಗೆ ಅದು ಹೊಳೆಯಲಿಲ್ಲ.

ಇನ್ನು ತೊಡಕಿನ ಸ್ವರೂಪ. ಈ ಟ್ಯಾಬ್ಲೆಟ್ ಐಓಎಸ್ 7 ಎಂಬ ತಂತ್ರಾಂಶದೊಡನೆ ಬಂದಿತ್ತು. ವರ್ಷ ವರ್ಷವೂ ಏರುತ್ತ 2017ರಲ್ಲಿ 10.3 ಎಂಬ ಹಂತಕ್ಕೆ ಬಂದು ನಿಂತಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಬಂದ ಐಓಎಸ್ 11, 32 ಬಿಟ್ ಎಂಬ ಹಳೆಯ ಕ್ರಮದಲ್ಲಿ ರಚಿತವಾದ ಆ್ಯಪ್‌ಗಳನ್ನು ಪೂರ್ಣವಾಗಿ ಕೈಬಿಟ್ಟಿತು. 2015ರ ಜೂನ್ ತಿಂಗಳಿನಿಂದಲೇ ಆಪಲ್ ಸಂಸ್ಥೆಯು ಆ್ಯಪ್‌ಗಳ ಪ್ರತಿಯೊಂದು ಪರಿಷ್ಕರಣೆಯೂ 64 ಬಿಟ್ ಕ್ರಮದಲ್ಲಿರಬೇಕೆಂದು ವಿಧಿಸಿತ್ತು. ಅದಕ್ಕೆ ಮುಂಚೆಯೇ ತಯಾರಕರು ಕೈಬಿಟ್ಟಿದ್ದ ಆ್ಯಪ್‌ಗಳು ಹೀಗೆ ಅನಾಥವಾದವು. ಆಗ ಐಪ್ಯಾಡಿನಲ್ಲಿ ಧ್ವನಿಮುದ್ರಣಕ್ಕೆ ಸಂಸ್ಥೆಯದೇ ಆದ ಆ್ಯಪ್ ಇರಲಿಲ್ಲವಾದ್ದರಿಂದ, ನಮ್ಮ ಮನೆಯವಳು ಬಳಸುತ್ತಿದ್ದುದು 2014ರ ನಂತರ ಯಾರೂ ಪರಿಷ್ಕರಿಸದ ಅಂಥ ಒಂದು ಸಣ್ಣ ಆ್ಯಪ್. ಸೆಟ್ಟಿಂಗ್ಸ್ ತೆರೆದು ನೋಡಿದರೆ, ಮುಂದಿನ ತಂತ್ರಾಂಶದಲ್ಲಿ ನಡೆಯದಿರುವ ಆ್ಯಪ್‌ಗಳ ಪಟ್ಟಿಯಲ್ಲಿ ಅದರ ಹೆಸರು ಸ್ಪಷ್ಟವಾಗಿ ಕಾಣುತ್ತಿತ್ತು. ಮುದ್ರಿಕೆಗಳನ್ನು ಹೊರಗೆ ಕಳುಹಿಸಲು ಅದರಲ್ಲಿ ಒಂದು ಗುಂಡಿ ಇತ್ತಾದರೂ, ಆ ಗುಂಡಿ ಆಶ್ರಯಿಸಿದ್ದ ಸೇವೆ ಎಂದೋ ನಿಂತುಹೋಗಿತ್ತು.

ಮತ್ತೊಂದು ಸಂಗತಿಯನ್ನೂ ತಿಳಿದಿರಬೇಕು. ಈ ಬಗೆಯ ಸಾಧನದಲ್ಲಿ ಒಮ್ಮೆ ಮೇಲಿನ ಹಂತಕ್ಕೆ ಏರಿದರೆ ಇಳಿದು ಬರುವ ಮೆಟ್ಟಿಲಿಲ್ಲ. ತಂತ್ರಾಂಶವನ್ನು ಅನುಸ್ಥಾಪಿಸುವಾಗಲೆಲ್ಲ ಸಾಧನವು ತಯಾರಕ ಸಂಸ್ಥೆಯ ಗಣಕದಿಂದ ಅಂಗೀಕಾರದ ಸಹಿಯನ್ನು ಕೇಳುತ್ತದೆ. ಹೊಸದು ಬಂದ ಕೆಲವು ವಾರಗಳಲ್ಲಿ ಹಳೆಯದಕ್ಕೆ ಸಹಿ ಹಾಕುವುದು ನಿಲ್ಲುತ್ತದೆ. ನಮ್ಮ ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಮಾರಿದ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬ ಫಲಕ ಅಲ್ಲಿ ತೂಗುತ್ತಿದೆ. ನನ್ನ ಸಾಧನಕ್ಕೆ ಲಭ್ಯವಿದ್ದ ಕೊನೆಯ ಹಂತ ಐಓಎಸ್ 12. ಅದಕ್ಕಿಂತ ಮುಂದಿನವು ಆ ಯಂತ್ರಕ್ಕೆ ಬರುವುದೇ ಇಲ್ಲ.

2025ರ ಜೂನ್ ತಿಂಗಳಿನ ಟ್ರಸ್ಟ್ ಸಭೆಯಲ್ಲಿ ಒಬ್ಬ ಕಿರಿಯ ಸದಸ್ಯರು ವಿನಯದಿಂದಲೇ ವಿಷಯವನ್ನು ಪ್ರಸ್ತಾಪಿಸಿದರು. ಕೋಶಾಧ್ಯಕ್ಷರು ಬಳಸುತ್ತಿರುವ ಟ್ಯಾಬ್ಲೆಟ್ ಬಹಳ ಹಳೆಯದು, ಅದರ ತಂತ್ರಾಂಶ ಇನ್ನೂ ಹಳೆಯದು. ಟ್ರಸ್ಟಿನ ವೆಚ್ಚದಲ್ಲಿ ಹೊಸದೊಂದನ್ನು ಕೊಳ್ಳೋಣ, ಇಲ್ಲವೇ ಇರುವುದನ್ನಾದರೂ ಮೇಲಿನ ಹಂತಕ್ಕೆ ಏರಿಸೋಣ ಎಂಬುದು ಅವರ ಸೂಚನೆ. ನಾನು ಎದ್ದು ನಿಂತು ಹತ್ತು ನಿಮಿಷ ಮಾತನಾಡಿದೆ. ಅಪರಿಗ್ರಹವನ್ನು ಕುರಿತು ಹೇಳಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಗಳಿಗೆ ಮಿತಿ ಹಾಕಿಕೊಳ್ಳುವುದನ್ನು ಶ್ರಾವಕನ ಗುಣವ್ರತವಾಗಿ ಹೇಳಿದ್ದಾರೆಂದು ನೆನಪಿಸಿದೆ. ಇಂಥ ಒಂದು ಸಾಧನದ ಆಯುಷ್ಯದಲ್ಲಿ ವಾತಾವರಣಕ್ಕೆ ಸೇರುವ ಇಂಗಾಲದ ಬಹುಪಾಲು ಅದರ ತಯಾರಿಕೆಯಲ್ಲಿಯೇ ಹೊಮ್ಮುತ್ತದೆಯೆಂದೂ, ಆದ್ದರಿಂದ ಹಳೆಯದನ್ನು ಬಳಸಿದಷ್ಟೂ ಹಿಂಸೆ ಕಡಿಮೆಯೆಂದೂ ವಾದಿಸಿದೆ. ತಂತ್ರಾಂಶವನ್ನು ಏರಿಸಿದರೆ ಹಳೆಯ ಯಂತ್ರ ಕುಂಟುತ್ತದೆ, ಆಮೇಲೆ ಹೊಸದನ್ನು ಕೊಳ್ಳದೆ ವಿಧಿಯಿಲ್ಲ, ಇದು ತೃಷ್ಣೆಯ ಸರಪಣಿ ಎಂದೂ ಸೇರಿಸಿದೆ. ಹಿರಿಯರು ತಲೆದೂಗಿದರು. ಕಿರಿಯ ಸದಸ್ಯರು ಕ್ಷಮೆ ಕೇಳಿ ಸುಮ್ಮನಾದರು. ಮನೆಗೆ ಬರುವಾಗ ನನಗೆ ಒಂದು ಬಗೆಯ ತೃಪ್ತಿಯಿತ್ತು.

ನಾನು ಹೇಳಿದುದರಲ್ಲಿ ಬಹಳಷ್ಟು ನಿಜವೇ. ಹಳೆಯ ಸಾಧನದ ಆಯುಷ್ಯವನ್ನು ಹೆಚ್ಚಿಸುವುದು ಒಳ್ಳೆಯ ನಡತೆ. ಮೇಲ್ದರ್ಜೆಗೇರಿಸುವುದರಿಂದ ಹಳೆಯ ಯಂತ್ರಗಳು ನಿಧಾನವಾದ ಉದಾಹರಣೆಗಳೂ ಇವೆ. ಹಳೆಯ ಬ್ಯಾಟರಿಯ ಕೆಲವು ಐಫೋನುಗಳ ವೇಗವನ್ನು ತನ್ನ ತಂತ್ರಾಂಶವು ತಗ್ಗಿಸುತ್ತಿದ್ದುದನ್ನು 2017ರ ಡಿಸೆಂಬರಿನಲ್ಲಿ ಆಪಲ್ ಸಂಸ್ಥೆಯೇ ಒಪ್ಪಿಕೊಂಡಿತು. ಯಂತ್ರ ಹಠಾತ್ತನೆ ನಿಂತುಹೋಗದಿರಲೆಂದು ಹಾಗೆ ಮಾಡಿದುದಾಗಿ ಅದು ಕಾರಣ ಹೇಳಿತು. ಆದರೆ ಇದಕ್ಕೆ ಇನ್ನೊಂದು ಮುಖವೂ ಉಂಟು. 2018ರಲ್ಲಿ ಬಂದ ಐಓಎಸ್ 12 ಹಳೆಯ ಸಾಧನಗಳನ್ನು ಚುರುಕುಗೊಳಿಸುವುದನ್ನೇ ತನ್ನ ಮುಖ್ಯ ಉದ್ದೇಶಗಳಲ್ಲಿ ಒಂದಾಗಿ ಘೋಷಿಸಿಕೊಂಡು ಬಂದಿತ್ತು. ಆ ಸಾಲಿಗೆ 2023ರ ಜನವರಿಯಲ್ಲಿಯೂ ಭದ್ರತೆಯ ದುರಸ್ತಿ ದೊರೆತಿತ್ತು. ಏಕಾಂತವಾಗಿ ‘ಏರಿಸಿದರೆ ಕೆಡುತ್ತದೆ’ ಎಂದು ಸಾರಿದ ನಾನು ಈ ಮುಖವನ್ನು ವಿಚಾರಿಸಿಯೇ ಇರಲಿಲ್ಲ. ಅನೇಕಾಂತವನ್ನು ಕುರಿತು ಉಪನ್ಯಾಸ ಮಾಡುವವನು ತನ್ನ ಮೇಜಿನ ಮೇಲಿನ ವಸ್ತುವಿನ ವಿಷಯದಲ್ಲಿ ಏಕಾಂತವಾದಿಯಾಗಿದ್ದನು.

ಎರಡು ವಾರಗಳ ತರುವಾಯ ನಮ್ಮ ಲೆಕ್ಕಪರಿಶೋಧಕರು ಅಂಗಡಿಗೆ ಬಂದರು. ಚಹಾ ಕುಡಿಯುತ್ತ ಅವರು, “ಯಜಮಾನರೇ, ಸಭೆಯಲ್ಲಿ ನೀವು ಹೇಳಿದುದನ್ನು ಕೇಳಿದೆ. ನಾನು ಒಂದೇ ಮಾತು ಕೇಳುತ್ತೇನೆ, ಬೇಸರಿಸಬಾರದು. ಆ ಹಲಗೆಯಲ್ಲಿ ನಿಮ್ಮದೊಂದೇ ವಿಷಯವಿದ್ದರೆ ಅದು ನಿಮ್ಮ ಇಷ್ಟ. ಊರಿನವರ ಪ್ಯಾನ್ ನಂಬರುಗಳಿವೆಯಲ್ಲ, ಅವರನ್ನು ಕೇಳಿದ್ದೀರಾ?” ಎಂದರು. ಎಂಟು ವರ್ಷಗಳಿಂದ ಭದ್ರತೆಯ ದುರಸ್ತಿಯನ್ನೇ ಕಾಣದ ತಂತ್ರಾಂಶವೆಂದರೆ, ಬೀಗ ಸಡಿಲವಾಗಿದೆಯೆಂದು ಊರಿಗೆಲ್ಲ ತಿಳಿದಿರುವ ಬಾಗಿಲು. ಒಳಗಿರುವ ಮಾಲು ಪರರದು. 2023ರಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶದ ಸಂರಕ್ಷಣೆಗೆ ಪ್ರತ್ಯೇಕ ಅಧಿನಿಯಮವನ್ನೇ ಮಾಡಿದೆಯೆಂಬುದನ್ನೂ ಅವರು ನೆನಪಿಸಿದರು. ಕಾನೂನಿನ ಮಾತು ನನ್ನನ್ನು ಅಷ್ಟಾಗಿ ನಾಟಲಿಲ್ಲ. ‘ಅವರನ್ನು ಕೇಳಿದ್ದೀರಾ’ ಎಂಬುದು ನಾಟಿತು.

ಆ ರಾತ್ರಿ ಸಾಮಾಯಿಕಕ್ಕೆ ಕುಳಿತಾಗ ಮನಸ್ಸು ನಿಲ್ಲಲಿಲ್ಲ. ನಾನು ಏಕೆ ಏರಿಸಲೊಲ್ಲೆ? ಹಿಂಸೆಯ ಭಯದಿಂದಲೇ? ಹಾಗಿದ್ದರೆ ಅಂಗಡಿಯ ಗಣಕವನ್ನು 2022ರಲ್ಲಿ ಬದಲಿಸುವಾಗ ಆ ಭಯ ಎಲ್ಲಿ ಹೋಗಿತ್ತು? ಖರ್ಚಿನ ಭಯದಿಂದಲೇ? ತಂತ್ರಾಂಶಕ್ಕೆ ಒಂದು ಪೈಸೆಯೂ ಬೇಕಾಗಿರಲಿಲ್ಲ. ನಿಜವಾದ ಕಾರಣ ಒಂದೇ: ಆ ಆ್ಯಪ್ ಸತ್ತರೆ ಅವಳ ಧ್ವನಿ ಹೋಗುತ್ತದೆ. ಈ ಕಾರಣದಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಸಭೆಯಲ್ಲಿ ಹೇಳಿದ್ದರೆ ಎಲ್ಲರೂ ಅರ್ಥಮಾಡಿಕೊಳ್ಳುತ್ತಿದ್ದರು. ಆದರೆ ನಾನು ಅದನ್ನು ಹೇಳದೆ ಅಪರಿಗ್ರಹದ ಹೆಸರು ಹೇಳಿದೆ. ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನಲ್ಲಿರುವ ಮೂರ್ಛೆ ಎಂದು ತತ್ತ್ವಾರ್ಥಸೂತ್ರಕಾರರು ತಿಳಿಸಿರುವುದನ್ನು ಎಷ್ಟು ಸಭೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಆ ಮೂರ್ಛೆಯನ್ನೇ ಅಪರಿಗ್ರಹವೆಂಬ ಹೊದಿಕೆ ಹೊದಿಸಿ ಸಭೆಗೆ ತೋರಿಸಿ ಮೆಚ್ಚುಗೆ ಪಡೆದುಕೊಂಡು ಬಂದಿದ್ದೆ. ಶಲ್ಯವಿಲ್ಲದವನು ಮಾತ್ರ ವ್ರತಿ; ಮೂರು ಶಲ್ಯಗಳಲ್ಲಿ ಮಾಯೆ ಮೊದಲನೆಯದು. ಬೇರೆಯವರ ಕಾಲಿನ ಮುಳ್ಳನ್ನು ತೋರಿಸಿಕೊಡುವವನಿಗೆ ತನ್ನ ಕಾಲಿನದು ಆ ರಾತ್ರಿ ಕಂಡಿತು.

ಇದಕ್ಕಿಂತಲೂ ಕಹಿಯಾದ ಇನ್ನೊಂದು ಸತ್ಯ ಹೊಳೆದುದು ಆಮೇಲೆ. ಆ ಮುದ್ರಿಕೆಗಳನ್ನು ನಾಲ್ಕು ವರ್ಷ ಜೋಪಾನ ಮಾಡಿದ ನಾನು ಒಮ್ಮೆಯೂ ಅವನ್ನು ಕೇಳಿರಲಿಲ್ಲ. ಮೊದಲ ವರ್ಷ ಕೇಳುವ ಧೈರ್ಯವಿರಲಿಲ್ಲ. ಆಮೇಲೆ ‘ಇದೆ’ ಎಂಬ ನೆಮ್ಮದಿಯೇ ಸಾಕಾಯಿತು.

ಮೂಡುಬಿದಿರೆಯ ಧವಲಾ ಗ್ರಂಥಗಳ ಕಥೆ ನಮ್ಮ ವಾಚಕರಿಗೆ ತಿಳಿದೇ ಇದೆ. ಹಳಗನ್ನಡ ಲಿಪಿಯ ಆ ತಾಳೆಗರಿಗಳು ಶತಮಾನಗಳ ಕಾಲ ಯಾತ್ರಿಕರ ದರ್ಶನಕ್ಕೆ ಒದಗಿದವೇ ಹೊರತು ಓದಿಗೆ ಒದಗಿದ್ದು ಬಹಳ ವಿರಳ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಗಿ, ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಿಂದ ಸಂಪುಟಗಳು ಅಚ್ಚಾಗಿ ಹೊರಬಂದ ಮೇಲೆಯೇ ಆ ಜ್ಞಾನ ಲೋಕಕ್ಕೆ ಸಂದಿತು. ಗರಿಗಳನ್ನು ಕಾಪಾಡಿದವರ ಋಣ ದೊಡ್ಡದು. ಆದರೆ ಗರಿಯಿಂದ ಗರಿಗೆ, ಗರಿಯಿಂದ ಕಾಗದಕ್ಕೆ ಅಕ್ಷರವನ್ನು ದಾಟಿಸಿದವರು ಇಲ್ಲದಿದ್ದರೆ ಆ ಕಾಪು ಪೂಜೆಯಲ್ಲಿಯೇ ಮುಗಿಯುತ್ತಿತ್ತು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಗರಿ ಹುಳು ತಿನ್ನುವ ವಸ್ತು, ಅಕ್ಷರವನ್ನು ಅದು ಅಳಿಯುವ ಮುನ್ನ ಇನ್ನೊಂದಕ್ಕೆ ದಾಟಿಸಬೇಕು ಎಂಬ ವಿವೇಕ ಆ ದಾನದಲ್ಲಿತ್ತು. ಸಾವಿರ ವರ್ಷಗಳ ಹಿಂದಿನ ಶ್ರಾವಿಕೆಗೆ ತಿಳಿದುದು ನನಗೆ ತಿಳಿದಿರಲಿಲ್ಲ. ಟ್ಯಾಬ್ಲೆಟ್ಟನ್ನು ಏರಿಸಬೇಕೇ ಬೇಡವೇ ಎಂದು ಕೇಳಿಕೊಳ್ಳುತ್ತಿದ್ದೆ. ಅದಕ್ಕೂ ಮೊದಲು, ಒಳಗಿರುವುದನ್ನು ಹೇಗೆ ದಾಟಿಸಬೇಕು ಎಂದು ಕೇಳಿಕೊಳ್ಳಬೇಕಾಗಿತ್ತು.

ದಾರಿ ಬಹಳ ಸರಳವಾಗಿತ್ತು. ಅಂಗಡಿಯಲ್ಲಿ ಟ್ಯಾಲಿ ನೋಡಿಕೊಳ್ಳುವ ಹುಡುಗನಿಗೆ ವಿಷಯ ಹೇಳಿದಾಗ ಅವನು ಟ್ಯಾಬ್ಲೆಟ್ಟಿನ ಅಂಚಿನಲ್ಲಿದ್ದ ಇಯರ್‌ಫೋನಿನ ತೂತನ್ನು ತೋರಿಸಿ, “ಇಲ್ಲಿಂದ ಒಂದು ವೈರು ಹಾಕಿ ಕಂಪ್ಯೂಟರಿಗೆ ಕೊಟ್ಟರಾಯಿತು, ಯಜಮಾನರೇ. ಇದರಲ್ಲಿ ಹಾಡಿದ್ದು ಅದರಲ್ಲಿ ರೆಕಾರ್ಡ್ ಆಗುತ್ತದೆ. ಆದರೆ ಬೇಗ ಆಗುವುದಿಲ್ಲ, ಎಷ್ಟು ಹೊತ್ತಿನದಿದೆಯೋ ಅಷ್ಟು ಹೊತ್ತೂ ನಡೆಯಬೇಕು” ಎಂದನು. 39 ಮುದ್ರಿಕೆಗಳು, ಸರಾಸರಿ ಆರು ನಿಮಿಷ. ಒಟ್ಟು 234 ನಿಮಿಷ, ನಾಲ್ಕು ಗಂಟೆಗೆ ಆರು ನಿಮಿಷ ಕಡಿಮೆ. ನಾಲ್ಕು ವರ್ಷಗಳಿಂದ ನಾನು ಹೊತ್ತುಕೊಂಡಿದ್ದ ಭಾರದ ತೂಕ ಅಷ್ಟೇ.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಸಮೀಪಿಸಿತ್ತು. ಹತ್ತು ದಿನಗಳಲ್ಲಿ ದಿನಕ್ಕೆ ನಾಲ್ಕರಂತೆ, ಕೊನೆಯ ದಿನ ಮೂರು ಎಂದು ನಿಯಮ ಮಾಡಿಕೊಂಡೆ. ಪ್ರತಿದಿನ ಬಸದಿಯಿಂದ ಬಂದು ವೈರನ್ನು ಜೋಡಿಸಿ ಕುಳಿತು ಕೇಳಿದೆ. ಮೊದಲನೆಯ ಮುದ್ರಿಕೆಯ ಮೊದಲ ಮಾತೇ ನನ್ನನ್ನು ತಡೆದು ನಿಲ್ಲಿಸಿತು. ಶ್ಲೋಕಕ್ಕೂ ಮುಂಚೆ ಅವಳು, “ಪುಟ್ಟೀ, ಕೇಳಮ್ಮ. ನಿನ್ನ ತಾತ ಪಂಡಿತರು, ಅವರು ಹೇಳುವ ಅರ್ಥ ಬೇರೆ ಇರಬಹುದು. ನನಗೆ ತಿಳಿದಷ್ಟು ನಿನಗೆ ಹೇಳುತ್ತೇನೆ” ಎಂದಿದ್ದಳು. ಎರಡನೆಯದರಲ್ಲಿಯೂ ‘ಪುಟ್ಟೀ’. ಮೂರನೆಯದರಲ್ಲಿಯೂ. ಒಂದು ಕಡೆ ಶ್ಲೋಕ ತಪ್ಪಿ, ನಕ್ಕು, ಮತ್ತೆ ಮೊದಲಿನಿಂದ ಹೇಳಿದ್ದಳು. ಇನ್ನೊಂದು ಕಡೆ ಒಲೆಯ ಮೇಲಿನ ಹಾಲನ್ನು ನೆನಪಿಸಿಕೊಂಡು ಅರ್ಧದಲ್ಲಿಯೇ ಎದ್ದುಹೋಗಿದ್ದಳು. ಒಂದರಲ್ಲಿಯೂ ನನ್ನನ್ನು ಕುರಿತು ಹೇಳಿದ ಮಾತಿಲ್ಲ. ಇರಬೇಕಾಗಿಯೂ ಇರಲಿಲ್ಲ. ಅವು ನನಗಾಗಿ ಹೇಳಿದವುಗಳೇ ಅಲ್ಲ.

ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ನ್ಯಾಸವೆಂದರೆ ನಂಬಿ ಇಟ್ಟ ಗಂಟು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವ ಬಗೆ ಬಹಳ ಸೂಕ್ಷ್ಮವಾದುದು. ಗಂಟನ್ನು ಇಟ್ಟವನು ಎಷ್ಟಿಟ್ಟೆನೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ; ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿಕೊಂಡು ಅಷ್ಟನ್ನೇ ಕೊಡುತ್ತಾನೆ. ಅವನು ಕದಿಯಲಿಲ್ಲ, ಬೀಗ ಒಡೆಯಲಿಲ್ಲ. ಎದುರಿನವನ ಮರೆವಿನ ಲಾಭವನ್ನು ಪಡೆದುಕೊಂಡನು, ಅಷ್ಟೇ. ಈ ಭಾಗವನ್ನು ಸ್ವಾಧ್ಯಾಯದಲ್ಲಿ ಹೇಳುವಾಗಲೆಲ್ಲ ನಾನು ಅಂಗಡಿಯ ಉದಾಹರಣೆಗಳನ್ನು ಕೊಡುತ್ತಿದ್ದೆ: ಚಿಲ್ಲರೆ, ಮುಂಗಡ, ತೂಕ. ಮನೆಯಲ್ಲಿ ಒಂದು ಗಂಟು ನಾಲ್ಕು ವರ್ಷಗಳಿಂದ ನನ್ನ ವಶದಲ್ಲಿತ್ತು. ಅದರ ಒಡತಿ ಬೆಂಗಳೂರಿನಲ್ಲಿದ್ದಳು. ಅವಳು ಕೇಳಲಿಲ್ಲ, ನಾನು ಕೊಡಲಿಲ್ಲ. ಟ್ರಸ್ಟಿನ ದಾನಿಗಳ ಗುಟ್ಟೂ ನ್ಯಾಸವೇ, ಮೊಮ್ಮಗಳಿಗೆ ಸಲ್ಲಬೇಕಾದ ಧ್ವನಿಯೂ ನ್ಯಾಸವೇ. ಒಂದರ ನೆಪದಲ್ಲಿ ಇನ್ನೊಂದಕ್ಕೂ ನಾನು ನ್ಯಾಯ ಮಾಡಿರಲಿಲ್ಲ.

ಕ್ಷಮಾವಾಣಿಯ ದಿನ ಮೊಮ್ಮಗಳಿಗೆ ದೂರವಾಣಿ ಮಾಡಿದೆ. ಎಲ್ಲರಿಗೂ ಹೇಳುವ ಕ್ಷಮಾಯಾಚನೆಯ ವಾಕ್ಯವನ್ನು ಹೇಳಿ ಮುಗಿಸಿ, ಇನ್ನೊಂದು ವಿಷಯಕ್ಕೂ ಕ್ಷಮೆ ಕೇಳಬೇಕಾಗಿದೆಯೆಂದು ನಡೆದುದನ್ನು ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ಅವಳು, “ನನಗೆ ಗೊತ್ತಿತ್ತು ತಾತ. ರೆಕಾರ್ಡ್ ಮಾಡುತ್ತಿದ್ದೇನೆ ಎಂದು ಅಜ್ಜಿ ಫೋನಿನಲ್ಲಿ ಹೇಳಿದ್ದರು. ಕೇಳಿದರೆ ನಿಮಗೆ ನೋವಾಗುತ್ತದೆ ಎಂದು ಕೇಳಲಿಲ್ಲ. ಹೋಗಿಬಿಟ್ಟಿರಬೇಕು ಅಂದುಕೊಂಡಿದ್ದೆ” ಎಂದಳು. ಮರೆತು ಕೇಳದಿರುವವರನ್ನು ಕುರಿತು ಶಾಸ್ತ್ರ ಹೇಳಿತ್ತು. ಮರೆಯದೆಯೂ, ಇಟ್ಟುಕೊಂಡವನ ಮೇಲಿನ ಕರುಣೆಯಿಂದ ಕೇಳದಿರುವವರೂ ಇರುತ್ತಾರೆಂಬುದನ್ನು ಆ ದಿನ ತಿಳಿದೆ.

ದೀಪಾವಳಿಗೆ, ಎಂದರೆ ಮಹಾವೀರ ನಿರ್ವಾಣೋತ್ಸವಕ್ಕೆ, ಅವಳು ಊರಿಗೆ ಬಂದಳು. ಮುದ್ರಿಕೆಗಳ ಪ್ರತಿ ಎರಡು ಪೆನ್‌ಡ್ರೈವ್‌ಗಳಲ್ಲಿಯೂ ಅಂಗಡಿಯ ಗಣಕದಲ್ಲಿಯೂ ಇತ್ತು. ಪ್ರತಿಯೊಂದನ್ನೂ ತೆರೆದು ಕೇಳಿ ಸರಿಯಿದೆಯೆಂದು ಖಚಿತಪಡಿಸಿಕೊಂಡೆವು. ಟ್ರಸ್ಟಿಗೆ ಸಂಬಂಧಿಸಿದ ಕಡತಗಳೆಲ್ಲವನ್ನೂ ಅಷ್ಟರೊಳಗೆ ಬಸದಿಯ ಕಚೇರಿಯ ಗಣಕಕ್ಕೆ ಒಪ್ಪಿಸಿ, ಒಪ್ಪಿಸಿದುದಕ್ಕೆ ಕಾರ್ಯದರ್ಶಿಗಳ ಸಹಿ ಪಡೆದು, ಟ್ಯಾಬ್ಲೆಟ್ಟಿನಿಂದ ಅಳಿಸಿಹಾಕಿದ್ದೆ. ಅನಂತರ ಸಾಧನದ ಪೂರ್ಣ ಪ್ರತಿಯನ್ನು ಗಣಕದಲ್ಲಿ ಉಳಿಸಿಕೊಂಡು, ಚಾರ್ಜಿಗೆ ಹಾಕಿ, ಗುಂಡಿಯನ್ನು ಒತ್ತಿದೆವು. ಮುಕ್ಕಾಲು ಗಂಟೆಯ ಮೇಲೆ ಅದು ಎಚ್ಚರಗೊಂಡಿತು. ಅವಳ ಆ್ಯಪ್‌ನ ಚಿಹ್ನೆ ಅದೇ ಜಾಗದಲ್ಲಿತ್ತು. ಮುಟ್ಟಿದಾಗ, ತಯಾರಕರು ಇದನ್ನು ಪರಿಷ್ಕರಿಸಬೇಕು ಎಂಬ ಸೂಚನೆ ಬಂದಿತೇ ಹೊರತು ಅದು ತೆರೆಯಲಿಲ್ಲ.

ಆಪ್ತಮೀಮಾಂಸೆಯಲ್ಲಿ ಬರುವ ದೃಷ್ಟಾಂತ ನೆನಪಾಯಿತು. ಚಿನ್ನದ ಕಲಶವನ್ನು ಕರಗಿಸಿ ಕಿರೀಟ ಮಾಡಿದಾಗ ಕಲಶ ಬಯಸಿದವನಿಗೆ ಶೋಕ, ಕಿರೀಟ ಬಯಸಿದವನಿಗೆ ಹರ್ಷ, ಚಿನ್ನ ಬಯಸಿದವನಿಗೆ ಮಾಧ್ಯಸ್ಥ್ಯ. ಆ ಮೂವರೂ ಅಂದು ನನ್ನೊಳಗೇ ಇದ್ದರು. ಚಿಹ್ನೆ ತೆರೆಯದಿದ್ದಾಗ ಶೋಕವಾದುದು ನಿಜ. ಐಓಎಸ್ 11ರಿಂದ ಕನ್ನಡ ಕೀಲಿಮಣೆ ಸಾಧನದಲ್ಲಿಯೇ ಬಂದಿದೆಯೆಂದು ಮೊಮ್ಮಗಳು ತೋರಿಸಿದಾಗ ಹರ್ಷವಾದುದೂ ನಿಜ; ಈ ಲೇಖನದ ಕರಡನ್ನು ನಾನು ಆ ಕೀಲಿಮಣೆಯಲ್ಲಿಯೇ ಬರೆದಿದ್ದೇನೆ. ಚಿನ್ನವಂತೂ ಎಲ್ಲಿಯೂ ಹೋಗಿರಲಿಲ್ಲ. ಪಕ್ಕದ ಕೋಣೆಯಲ್ಲಿ ಸೊಸೆ ಅದನ್ನೇ ಕೇಳುತ್ತ ಕುಳಿತಿದ್ದಳು. ಯಂತ್ರ ಕುಂಟಲಿಲ್ಲ. ಮೊದಲಿಗಿಂತ ವೇಗವಾಯಿತೆಂದು ಹೇಳಲಾರೆ, ನಿಧಾನವಾಯಿತೆಂದೂ ಹೇಳಲಾರೆ.

ಇಷ್ಟರಿಂದ ಆ ಸಾಧನ ಸುರಕ್ಷಿತವಾಯಿತೆಂದು ಯಾರೂ ಭಾವಿಸಬಾರದು. ಅದರ ಕೊನೆಯ ಹಂತವೂ ಈಗ ಹಳೆಯದೇ. ಆದುದರಿಂದ ಟ್ರಸ್ಟಿನ ಕೆಲಸಕ್ಕಾಗಲಿ ಬ್ಯಾಂಕಿನ ವ್ಯವಹಾರಕ್ಕಾಗಲಿ ಅದನ್ನು ಮತ್ತೆ ಬಳಸುವುದಿಲ್ಲವೆಂದು ನಿಯಮ ಮಾಡಿಕೊಂಡಿದ್ದೇನೆ. ಸ್ವಾಧ್ಯಾಯಕ್ಕೆ, ಬರವಣಿಗೆಗೆ ಅದು ಇನ್ನೂ ಕೆಲವು ವರ್ಷ ಬಂದೀತು. ಹಳೆಯದನ್ನು ಬಳಸಬೇಕೆಂಬ ನನ್ನ ಸಭೆಯ ಮಾತು ಹೀಗೆ ಸುಳ್ಳಾಗಲಿಲ್ಲ. ಯಾವ ಕೆಲಸಕ್ಕೆ ಬಳಸಬಹುದು, ಯಾವುದಕ್ಕೆ ಬಳಸಬಾರದು ಎಂಬ ವಿವೇಕ ಮಾತ್ರ ಆಗ ಇರಲಿಲ್ಲ. ಮುಂದಿನ ಸಭೆಯಲ್ಲಿ ಇದೆಲ್ಲವನ್ನೂ ಹೇಳಿ, ಆ ಕಿರಿಯ ಸದಸ್ಯರ ಕ್ಷಮೆಯನ್ನು ಎಲ್ಲರೆದುರು ಕೇಳಿದೆ. ಅವರು ಸಂಕೋಚದಿಂದ ಎದ್ದು ಕೈಮುಗಿದರು.

ಟ್ರಸ್ಟುಗಳ ಕಾರ್ಯಕರ್ತರಿಗೆ ಅನುಭವದಿಂದ ನಾಲ್ಕು ಮಾತು. ಪದಾಧಿಕಾರಿಯ ಸ್ವಂತ ಸಾಧನದಲ್ಲಿ ಸಂಸ್ಥೆಯ ದಾಖಲೆಗಳು ಇರಕೂಡದು. ಪದಾಧಿಕಾರಿ ಬದಲಾದಾಗಲೂ ಅಗಲಿದಾಗಲೂ ಅವು ಸಂಸ್ಥೆಗೆ ಸಿಗಬೇಕು. ಮೇಲ್ದರ್ಜೆಗೇರಿಸುವ ಮೊದಲು ಯಾವ ಆ್ಯಪ್ ನಿಲ್ಲುತ್ತದೆ, ಅದರೊಳಗೆ ಏನಿದೆ, ಅದು ಯಾರದು ಎಂಬ ಮೂರನ್ನೂ ಕಾಗದದ ಮೇಲೆ ಬರೆದುಕೊಳ್ಳಬೇಕು. ಪ್ರತಿ ಮಾಡಿಕೊಂಡ ಮೇಲೆ ಆ ಪ್ರತಿಯನ್ನು ತೆರೆದು ನೋಡಬೇಕು. ತೆರೆದು ನೋಡದ ಪ್ರತಿ ಎಣಿಸದೆ ಇಟ್ಟ ಹಣದಂತೆ. ಕಡೆಗೆ ಸಾಧನವನ್ನು ತೊರೆಯುವ ದಿನ ಬಂದರೆ ಒಳಗಿರುವುದನ್ನು ಅಳಿಸಿ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಿಗೆ ಅನುಸಾರವಾಗಿ ನೋಂದಾಯಿತರಿಗೆ ಒಪ್ಪಿಸಬೇಕೇ ಹೊರತು ಗುಜರಿಗೆ ಎಸೆಯಬಾರದು. ಲಿಥಿಯಂ ಬ್ಯಾಟರಿ ಕಸದ ರಾಶಿಯಲ್ಲಿ ಹೊತ್ತಿಕೊಂಡರೆ ಎಷ್ಟು ಜೀವಗಳಿಗೆ ಹಾನಿಯೆಂಬುದನ್ನು ನಮ್ಮವರಿಗೆ ಬೇರೆ ಹೇಳಬೇಕಾಗಿಲ್ಲ.

ಇನ್ನು ಒಂದು ಲೆಕ್ಕ ಬಾಕಿಯಿದೆ. 48ರಲ್ಲಿ 39 ಕಳೆದರೆ ಒಂಬತ್ತು ಶ್ಲೋಕಗಳು ಉಳಿದಿವೆ. ಐಓಎಸ್ 12ರಲ್ಲಿ ಐಪ್ಯಾಡಿಗೂ ಧ್ವನಿಮುದ್ರಣದ ಆ್ಯಪ್ ಬಂದಿದೆ. ಅವನ್ನು ತಾನೇ ಹೇಳಿ ಮುದ್ರಿಸುವುದಾಗಿಯೂ, ಅರ್ಥವನ್ನು ನಾನು ಹೇಳಿಕೊಡಬೇಕೆಂದೂ ಮೊಮ್ಮಗಳು ಒಪ್ಪಂದ ಮಾಡಿಕೊಂಡು ಹೋಗಿದ್ದಾಳೆ. “ಪಂಡಿತರ ಅರ್ಥ ಬೇಡ ತಾತ, ಅಜ್ಜಿ ಹೇಳಿದ ಹಾಗೆ ಹೇಳಬೇಕು” ಎಂಬುದು ಅವಳ ಷರತ್ತು. ಹಾಗೆ ಹೇಳುವುದನ್ನು ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ. ಈವರೆಗೆ ಎರಡು ಮುಗಿದಿವೆ.

ಜಯಜಿನೇಂದ್ರ.